ಕೆಳಮೂಲೆಯ ಸಹಿ

ಸೌತ್ ಬಿ, ನೈರೋಬಿ
4 ಮಾರ್ಚ್ 2013

ಲಾಯರಮ್ಮ ಶ್ರೀರಂಜನಿಗೆ,

ಬಾಯಿರುವ ಮನುಷ್ಯನನ್ನು ಹಿಡಿದು ಕೂರಿಸಿ ಬರೆ ಎಂದು ಹೇಳುವುದು ಎಲ್ಲಿಯ ನ್ಯಾಯ? ಮೂರು ಸಲ ನಿನ್ನ ಕಿಲಿಮಾನಿ ಆಫೀಸಿಗೆ ಬಂದೆ. ಮೂರು ಸಲವೂ ಮಟಾಟು ವ್ಯಾನಿನಲ್ಲಿ ಕತ್ತು ಬಗ್ಗಿಸಿ ನಿಂತೇ ಬಂದೆ. ಎಲ್ಲವನ್ನೂ ಹೇಳಿದೆ. ನೀನು ಪೆನ್ನು ಕೆಳಗಿಟ್ಟು, "ಅಂಕಲ್, ನೀವು ಕೂಗಾಡ್ತೀರಿ, ನನಗೆ ಒಂದು ತಾರೀಕೂ ಸಿಗ್ತಿಲ್ಲ. ವಾಚ್‌ಮನ್ ಎರಡು ಸಲ ಬಂದು ನೋಡ್ಕೊಂಡು ಹೋದ. ಮನೆಗೆ ಹೋಗಿ ಬರೆದು ಕಳಿಸಿ" ಎಂದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಹೋಂವರ್ಕ್! ಆಗಲಿ, ಬರೆಯುತ್ತೇನೆ. ಆದರೆ ಅಂಕಲ್ ಅನ್ನಬೇಡ. ಯಜಮಾನರೇ ಅನ್ನು, ಇಲ್ಲವೇ ಹೆಸರು ಹಿಡಿದು ಕರೆ. ನೀನು ನನ್ನ ಮೊಮ್ಮಗಳ ವಯಸ್ಸಿನವಳು, ಅದಕ್ಕೇ ನಾನು ನೀನು ಎಂದೇ ಬರೆಯುವುದು.

ಅಕ್ಷರ ನೋಡಿ ಓದಿದವನು ಅಂದುಕೊಳ್ಳಬೇಡ. ನಾನು ಬೋರ್ಡ್ ಬರೆಯುವವನು. ಅಕ್ಷರ ದುಂಡಗಿರುವುದಕ್ಕೂ ತಲೆಯಲ್ಲಿ ವಿದ್ಯೆ ಇರುವುದಕ್ಕೂ ಸಂಬಂಧವಿಲ್ಲ.

ಆ ದೇಶದ ಹೆಸರು ಬರೆಯುವುದಿಲ್ಲ. ಬರೆದರೆ ಪೆನ್ನು ಅದರ ಪಕ್ಕದಲ್ಲಿ ಇನ್ನೊಂದು ಮಾತನ್ನೂ ಬರೆದುಬಿಡುತ್ತದೆ. ಗಡಿಯಾಚೆ ಎನ್ನುತ್ತೇನೆ, ನಿನಗೆ ಗೊತ್ತು.

ತಾರೀಕು ತಾನೆ ಬೇಕು? ತಗೋ. 1960ರಲ್ಲಿ ನನ್ನ ಸೋದರಮಾವ ನನ್ನನ್ನು ಹಡಗು ಹತ್ತಿಸಿಕೊಂಡು ಬಂದ. ಅವನು ರೈಲು ಡಬ್ಬಿಗಳ ಮೇಲೆ ನಂಬರು ಬರೆಯುತ್ತಿದ್ದ, ನಾನು ಬ್ರಷ್ ತೊಳೆಯುತ್ತಿದ್ದೆ. 1969ರಲ್ಲಿ ಗಡಿಯಾಚೆಯ ಊರಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಅದೇ ವರ್ಷ ಕಮಲಾಕ್ಷಿಯನ್ನು ಮದುವೆಯಾದೆ. ಅವಳು ಅಲ್ಲೇ ಹುಟ್ಟಿದವಳು, ಅವಳಪ್ಪ ಅಲ್ಲಿ ದರ್ಜಿ. 1972ರಲ್ಲಿ ನಾನು ಆ ದೇಶದ ಪೌರನಾದೆ. ಇಂಡಿಯಾದ ಪಾಸ್‌ಪೋರ್ಟ್ ಹಿಂದಿರುಗಿಸಿದೆ. ಯಾರೂ ಬಲವಂತ ಮಾಡಲಿಲ್ಲ. ನಲವತ್ತೆರಡು ವರ್ಷ ಆ ಊರಿನ ಶಾಲೆ, ಆಸ್ಪತ್ರೆ, ಕಟುಕನ ಅಂಗಡಿ, ಎಲ್ಲದರ ಹಣೆಯ ಮೇಲೂ ನನ್ನ ಅಕ್ಷರ.

2011 ಫೆಬ್ರವರಿ 14. ಪಾಸ್‌ಪೋರ್ಟ್ ಅವಧಿ ಮುಗಿದಿತ್ತು, ಹೊಸದಕ್ಕೆ ಹೋದೆ. ಕೌಂಟರಿನಲ್ಲಿ ಗೂಬೆ ಮುಖದ ಒಬ್ಬ ಅಧಿಕಾರಿ. "ಎಪ್ಪತ್ತೆರಡರ ರಿಜಿಸ್ಟರ್ ಗೆದ್ದಲು ತಿಂದಿದೆ. ನಿನ್ನ ಪುಟ ಇಲ್ಲ. ಪುಟ ಇಲ್ಲ ಅಂದ್ರೆ ನೀನು ಪೌರ ಅಲ್ಲ" ಎಂದ ಆ ದಂಡಪಿಂಡ. ನನ್ನ ಪ್ರಮಾಣಪತ್ರ ತೋರಿಸಿದೆ. ರಿಜಿಸ್ಟರಿನಲ್ಲಿ ಇಲ್ಲದ ಪ್ರಮಾಣಪತ್ರ ನಕಲಿಯಂತೆ. ಪುಸ್ತಕ ಕಾಯಲಾರದ ಅಯೋಗ್ಯರು ಅವರು, ನಕಲಿ ನಾನು! ಪಾಸ್‌ಪೋರ್ಟ್ ಕಿತ್ತುಕೊಂಡರು. ಮೂರು ದಿನ ಗಡುವು ಕೊಟ್ಟರು. 17ನೇ ತಾರೀಕು ಬೆಳಿಗ್ಗೆ ಇಬ್ಬರು ಕತ್ತೆಗಳು ನನ್ನನ್ನು ಜೀಪಿನಲ್ಲಿ ತಂದು ಗಡಿಯಲ್ಲಿ ಇಳಿಸಿ ಹೋದರು. ಕೈಯಲ್ಲಿ ಬ್ರಷ್ಷಿನ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಸೌತ್ ಬಿಯ ಫೆಲಿಕ್ಸ್ ಮಾಸ್ತರು, ನನ್ನ ಹಳೆಯ ಸ್ನೇಹಿತ, ಬಂದು ಜಾಮೀನು ನಿಂತು ಕರೆದುಕೊಂಡು ಬಂದ. ಇಂಡಿಯಾದವರು ನೀನು ನಮ್ಮವನಲ್ಲ ಎನ್ನುತ್ತಾರೆ. ಕೆನ್ಯಾ ಮೂರು ಮೂರು ತಿಂಗಳಿಗೆ ಇಲ್ಲಿ ಇರಲು ಒಂದು ಚೀಟಿ ಕೊಡುತ್ತದೆ. ಎಲ್ಲ ಒಬ್ಬ ಲಫಂಗನ ಗೆದ್ದಲು ತಿಂದ ತಲೆಯಿಂದ.

ಕಮಲಾಕ್ಷಿ ಅಲ್ಲೇ ಇದ್ದಾಳೆ. ಬಸ್ಸಿನಲ್ಲಿ ಎಂಟು ಗಂಟೆಯ ದಾರಿ. ಒಂಬತ್ತು ಸಲ ಬಂದುಹೋದಳು. ಕಳೆದ ದೀಪಾವಳಿಗೆ ಬಂದಾಗ ಬಸ್ಸಿನಿಂದ ಇಬ್ಬರು ಹಿಡಿದು ಇಳಿಸಿದರು. ಮಂಡಿ. ಅವಳಿನ್ನು ಬಸ್ಸು ಹತ್ತಬಾರದು ಎಂದಿದ್ದಾರೆ ಡಾಕ್ಟರು. ನಾನು ಗಡಿ ದಾಟುವ ಹಾಗಿಲ್ಲ.

ಇಷ್ಟೇ ವಿಷಯ. ಇದನ್ನು ಅರುಶಾದಲ್ಲಿರುವ ಆಫ್ರಿಕಾದ ಮಾನವ ಹಕ್ಕುಗಳ ಕೋರ್ಟಿಗೆ ಹಾಕು. ಗೆಲ್ಲುತ್ತೇವೆ.

ಇಂತಿ,
ದ್ವಾರಕಾನಾಥ್

*

ಕಿಲಿಮಾನಿ
15 ಮಾರ್ಚ್ 2013

ಯಜಮಾನರೇ,

ನಿಮ್ಮ ಪತ್ರವನ್ನು ಫೆಲಿಕ್ಸ್ ಸರ್ ಸೊಸೆ ನೇಹಾ ತಂದುಕೊಟ್ಟರು. ಕನ್ನಡ ಬಾರದ ನನ್ನ ಸಹೋದ್ಯೋಗಿಗಳೂ ಸುತ್ತ ನಿಂತು ಅಕ್ಷರ ನೋಡಿದರು. ತಾರೀಕುಗಳೆಲ್ಲ ಸಿಕ್ಕಿವೆ. ಧನ್ಯವಾದ.

ಗೆಲ್ಲುತ್ತೇವೆ ಎಂದಿದ್ದೀರಿ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅದು ಆಮೇಲಿನ ಮಾತು. ನಿಮಗೆ ಅನ್ಯಾಯ ಆಗಿದೆಯೇ ಎಂದು ಕೋರ್ಟು ಕೇಳುವುದಕ್ಕೆ ಮೊದಲು, ಈ ದೂರನ್ನು ಒಳಗೆ ಬಿಟ್ಟುಕೊಳ್ಳಬಹುದೇ ಎಂದು ನೋಡುತ್ತದೆ. ಹೆಚ್ಚಿನ ದೂರುಗಳು ಅಲ್ಲೇ, ಹೊಸ್ತಿಲಲ್ಲೇ ವಾಪಸ್ ಹೋಗುತ್ತವೆ. ಎಷ್ಟೇ ನಿಜವಾಗಿದ್ದರೂ.

ಒಂದು ಸಮಾಧಾನದ ಸಂಗತಿ ಇದೆ. ಒಬ್ಬ ಸಾಮಾನ್ಯ ಮನುಷ್ಯ ಅರುಶಾದ ಈ ಕೋರ್ಟಿಗೆ ನೇರವಾಗಿ ಹೋಗಬೇಕಾದರೆ, ಅವನು ಯಾವ ಸರ್ಕಾರದ ಮೇಲೆ ದೂರುತ್ತಾನೋ ಆ ಸರ್ಕಾರ ಅದಕ್ಕೆ ಒಪ್ಪಿ ಮೊದಲೇ ಬರೆದುಕೊಟ್ಟಿರಬೇಕು. ಕೆನ್ಯಾ ಕೊಟ್ಟಿಲ್ಲ. ನಿಮ್ಮ ಗಡಿಯಾಚೆಯವರು ಕೊಟ್ಟಿದ್ದಾರೆ. ಹಾಗಾಗಿ ಮೊದಲ ಬಾಗಿಲು ತೆರೆದಿದೆ.

ಎರಡನೆಯದರಲ್ಲಿ ನೀವೇ ಅಡ್ಡ ನಿಂತಿದ್ದೀರಿ. ಸರ್ಕಾರವನ್ನಾಗಲಿ ಅದರ ಅಧಿಕಾರಿಗಳನ್ನಾಗಲಿ ಹೀನಾಯವಾಗಿ ಬೈದು ಬರೆದ ದೂರನ್ನು ತೆಗೆದುಕೊಳ್ಳುವುದಿಲ್ಲ ಎಂದು ನಿಯಮವೇ ಇದೆ. ನಾನು ಮಾಡಿದ್ದಲ್ಲ. ನಿಮ್ಮ ಪತ್ರದಲ್ಲಿ ಆರು ಕಡೆ ಕೆಂಪು ಗೆರೆ ಹಾಕಿದ್ದೇನೆ. ಅವು ಹೋಗಲೇಬೇಕು.

ಮೂರನೆಯದೇ ದೊಡ್ಡದು. ಹೊರಗಿನ ಕೋರ್ಟಿಗೆ ಬರುವ ಮುಂಚೆ ಆ ದೇಶದೊಳಗೆ ಇರುವ ದಾರಿಗಳನ್ನೆಲ್ಲ ಹಿಡಿದು ನೋಡಿರಬೇಕು. ಅಲ್ಲಿಯ ಕಾನೂನಿನ ಪ್ರಕಾರ ಪೌರತ್ವ ಹೋದವರು ಹದಿನಾಲ್ಕು ದಿನದೊಳಗೆ ಮಂತ್ರಿಯ ಕಚೇರಿಗೆ ಮೇಲ್ಮನವಿ ಕೊಡಬೇಕು. ಅದರಾಚೆ ಬೇರೆ ದಾರಿ ಇಲ್ಲ. ನೀವು ಕೊಟ್ಟಿರಾ? ಕೊಟ್ಟದ್ದಕ್ಕೆ ಮುದ್ರೆ ಒತ್ತಿದ ಪ್ರತಿ ಇದೆಯಾ? ಇದ್ದರೆ ದಾರಿ ಸಲೀಸು. ಇಲ್ಲದಿದ್ದರೆ ಅವರ ವಕೀಲರು ಎದ್ದು ನಿಂತು ಒಂದೇ ವಾಕ್ಯದಲ್ಲಿ ನಮ್ಮನ್ನು ಮನೆಗೆ ಕಳಿಸುತ್ತಾರೆ.

ಇನ್ನೊಂದು ಪ್ರಶ್ನೆ. ಪಾಸ್‌ಪೋರ್ಟ್ ತೆಗೆದುಕೊಂಡ ಅಧಿಕಾರಿ ಒಮ್ಮೆಲೇ ಮೂರು ದಿನದ ಗಡುವು ಬರೆದ ಎಂದಿದ್ದೀರಿ. ಸಾಮಾನ್ಯವಾಗಿ ಮೂವತ್ತು ದಿನ ಕೊಡುತ್ತಾರೆ. ಅಂದು ಕೌಂಟರಿನಲ್ಲಿ ನೀವು ಅವನಿಗೆ ಏನಾದರೂ ಹೇಳಿದಿರಾ?

ನಮಸ್ಕಾರಗಳೊಂದಿಗೆ,
ಶ್ರೀರಂಜನಿ

*

ಸೌತ್ ಬಿ
2 ಏಪ್ರಿಲ್ 2013

ಲಾಯರಮ್ಮ,

ಆರರಲ್ಲಿ ಐದು ತೆಗೆದೆ. ಗೂಬೆ ಮುಖ ಉಳಿಸಿಕೊಂಡಿದ್ದೇನೆ. ಅದು ಬೈಗುಳ ಅಲ್ಲ, ಅವನು ಇರುವುದೇ ಹಾಗೆ. ನಾಳೆ ಗುರುತು ಹಿಡಿಯಬೇಕಾದರೆ ಉಪಯೋಗಕ್ಕೆ ಬರುತ್ತದೆ. ಗೆದ್ದಲು ರಿಜಿಸ್ಟರ್ ತಿಂದದ್ದೂ ಇರಲಿ, ಅದು ಸಾಕ್ಷಿ.

ಫೆಲಿಕ್ಸ್ ನನ್ನ ಹಿಂದೆ ನಿಂತು ಓದಿದ. "ಎಂತ ಮಾರಾಯ, ಕೋರ್ಟಿಗೆ ಅರ್ಜಿ ಬರೆಯೂದಾ, ಕುಸ್ತಿಗೆ ಕರೆಯೂದಾ?" ಎಂದ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು, ಎಲ್ಲದಕ್ಕೂ ಮಾರ್ಕು ಹಾಕುತ್ತಾನೆ. "ಹೋಗಯ್ಯ, ನಿನ್ನ ಗಂಜಿ ಉಕ್ತಾ ಇದೆ" ಎಂದು ಓಡಿಸಿದೆ. ಆಮೇಲೆ ಗೂಬೆಯನ್ನೂ ಹೊಡೆದು ಹಾಕಿದೆ. ನಿನಗಾಗಿ ಅಲ್ಲ. ಕಮಲಾಕ್ಷಿ ಎದುರಿಗಿದ್ದರೂ ಹೊಡೆದು ಹಾಕಿಸುತ್ತಿದ್ದಳು.

ಮೇಲ್ಮನವಿ ಕೊಟ್ಟಿದ್ದೇನೆ, ಕೊಡದೆ ಬಿಡುತ್ತೇನೆಯೇ? ಫೆಬ್ರವರಿ 16ರ ಸಂಜೆ ಅಂಗಡಿಯಲ್ಲಿ ಕೂತು ಬರೆದೆ. ಸ್ವಾಹಿಲಿಯಲ್ಲಿ, ಮೂರು ಪುಟ. ಬೇರೆ ಯಾವ ಭಾಷೆಯಲ್ಲೂ ನನಗೆ ಅಷ್ಟು ಚೆನ್ನಾಗಿ ಸಿಟ್ಟು ಬರುವುದಿಲ್ಲ. ಆ ಮಂತ್ರಿಗೆ ಜನ್ಮದಲ್ಲಿ ಯಾರೂ ಹೇಳಿರದ ಮಾತುಗಳನ್ನು ಹೇಳಿದ್ದೆ. ಬೆಳಿಗ್ಗೆ ಜೀಪು ಬರುತ್ತದೆ ಎಂದು ಕಮಲಾಕ್ಷಿಯ ಕೈಗೆ ಕೊಟ್ಟು, "ಇದನ್ನ ಅವನ ಟೇಬಲ್ ಮೇಲೆ ಹಾಕಿ ಬಾ" ಎಂದೆ. ಹಾಕಿರುತ್ತಾಳೆ. ಹೇಳಿದ ಕೆಲಸ ಬಿಡುವವಳಲ್ಲ. ಪ್ರತಿ ಇಟ್ಟುಕೊಳ್ಳುವುದು ಗುಮಾಸ್ತರ ಕೆಲಸ, ನನ್ನದಲ್ಲ. ಬೇಕಾದರೆ ಅವಳನ್ನು ಕೇಳು. ಫೋನ್ ನಂಬರು ಹಿಂದೆ ಬರೆದಿದ್ದೇನೆ. ಮಧ್ಯಾಹ್ನ ಮಾಡಬೇಡ, ಮಂಡಿಗೆ ಎಣ್ಣೆ ಹಾಕಿಸಿಕೊಂಡು ಮಲಗಿರುತ್ತಾಳೆ.

ನಮ್ಮ ಕೆಲಸ ಹೇಗಿತ್ತು ಎಂದು ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ನಾನು ಬೋರ್ಡಿಗೆ ಬಣ್ಣ ಬಳಿದು ಒಣಗಿದ ಮೇಲೆ ಮೊದಲು ಬಲಗಡೆ ಕೆಳಮೂಲೆಯಲ್ಲಿ ಸಹಿ ಹಾಕುತ್ತೇನೆ. ಬೇರೆಯವರು ಕೊನೆಗೆ ಹಾಕುತ್ತಾರೆ, ನಾನು ಮೊದಲು. ಮೂಲೆ ಹಿಡಿದರೆ ಮಿಕ್ಕ ಜಾಗ ಎಷ್ಟಿದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಕಾಗದ ಬರೆಯುವಾಗಲೂ ಅದೇ ಅಭ್ಯಾಸ. ಈ ಹಾಳೆಗೂ ಮೊದಲು ಸಹಿ ಹಾಕಿಯೇ ಕೂತದ್ದು. ಆಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆಯುತ್ತೇನೆ. ಆಗ ಕಮಲಾಕ್ಷಿ ಬರುತ್ತಾಳೆ. ಅವಳು ಹೈಸ್ಕೂಲು ಮುಗಿಸಿದವಳು. ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ಹಿಂದಿನಿಂದ ಮುಂದಕ್ಕೆ ಒಂದೊಂದೇ ಓದುತ್ತಾಳೆ. ಮುಂದಿನಿಂದ ಓದಿದರೆ ಕಣ್ಣು ಮೋಸ ಮಾಡುತ್ತದಂತೆ. ತಪ್ಪಿದ್ದರೆ ಸೆರಗಿನಲ್ಲಿ ಒರೆಸಿ ತಾನೇ ಬರೆಯುತ್ತಾಳೆ. ಅವಳ ಬೆರಳು ದಾಟದೆ ನಮ್ಮ ಅಂಗಡಿಯಿಂದ ಒಂದು ಬೋರ್ಡೂ ಹೊರಗೆ ಹೋಗಿಲ್ಲ.

ಇಲ್ಲಿ ಮಟಾಟುಗಳ ಮೇಲೆ ಹುಡುಗರು ಬಣ್ಣ ಊದಿ ಬರೆಯುತ್ತಾರೆ. ಕೆಲಸ ಚೆನ್ನಾಗಿದೆ. ಆದರೆ ಹಿಂದಿನಿಂದ ಓದುವವರು ಯಾರೂ ಇಲ್ಲ.

ಇಂತಿ,
ದ್ವಾರಕಾನಾಥ್

*

ಕಿಲಿಮಾನಿ
6 ಮೇ 2013

ಯಜಮಾನರೇ,

ಕೌಂಟರಿನ ಪ್ರಶ್ನೆಗೆ ನೀವು ಉತ್ತರ ಬರೆದಿಲ್ಲ. ನಾನು ಮರೆತಿಲ್ಲ.

ಆದರೆ ಮೊದಲು ಒಳ್ಳೆಯ ಸುದ್ದಿ. ಕಮಲಾಕ್ಷಮ್ಮನವರ ಜೊತೆ ಮಾತಾಡಿದೆ. ಮೇಲ್ಮನವಿಯ ಪ್ರತಿಯನ್ನು ನಾಲ್ಕು ದಿನದಲ್ಲೇ ಕಳಿಸಿಕೊಟ್ಟರು. ಮಂತ್ರಿ ಕಚೇರಿಯ ನೀಲಿ ಮುದ್ರೆ, 21 ಫೆಬ್ರವರಿ 2011, ಸ್ವೀಕರಿಸಿದವರ ರುಜು, ಎಲ್ಲ ಇದೆ. ನಿಮ್ಮನ್ನು ಗಡಿಗೆ ಬಿಟ್ಟ ನಾಲ್ಕನೆಯ ದಿನ. ಎರಡು ವರ್ಷವಾದರೂ ಅದಕ್ಕೆ ಒಂದು ಸಾಲಿನ ಉತ್ತರ ಬಂದಿಲ್ಲ. ಮೂರನೆಯ ಬಾಗಿಲಿಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ಬೇಕಿಲ್ಲ.

ಒಂದೇ ತೊಡಕು. ನೀವು ಹೇಳಿದ್ದು ಮೂರು ಪುಟ. ಇದು ಒಂದೇ ಪುಟ. ನೀವು ಹೇಳಿದ ಧಾಟಿಯೂ ಇದರಲ್ಲಿಲ್ಲ. ನಮ್ಮ ಆಫೀಸಿನವರಿಂದ ಸ್ವಾಹಿಲಿ ಓದಿಸಿದೆ, ತುಂಬ ಮರ್ಯಾದೆಯ ಅರ್ಜಿ ಎಂದರು. ಬರಹ ಹಾಳೆಯ ಅರ್ಧಕ್ಕೇ ಮುಗಿಯುತ್ತದೆ, ನಿಮ್ಮ ಸಹಿ ಮಾತ್ರ ಒಂದು ಗೇಣು ಕೆಳಗೆ ಬಲಮೂಲೆಯಲ್ಲಿ ಒಂಟಿಯಾಗಿದೆ. ಎದುರು ವಕೀಲರು ಮೊದಲು ಬೆರಳಿಡುವುದು ಅಲ್ಲೇ. ಇದು ನಿಮ್ಮ ಅರ್ಜಿಯೇ ಎಂದು ನೀವು ಪ್ರಮಾಣ ಮಾಡಿ ಹೇಳಬೇಕಾಗುತ್ತದೆ. ಪ್ರತಿ ಲಗತ್ತಿಸಿದ್ದೇನೆ. ನೋಡಿ ತಿಳಿಸಿ.

ನಮಸ್ಕಾರಗಳೊಂದಿಗೆ,
ಶ್ರೀರಂಜನಿ

*

ಸೌತ್ ಬಿ
8 ಮೇ 2013

ಲಾಯರಮ್ಮ,

ನೋಡಿದೆ. ಇದು ನನ್ನದಲ್ಲ.

ಅರ್ಧ ಪುಟದಲ್ಲಿ ನಾಲ್ಕು ಸಲ 'ತಫದಾಲಿ' ಇದೆ. ಎಣಿಸಿದ್ದೇನೆ. ದಯವಿಟ್ಟು, ದಯವಿಟ್ಟು, ದಯವಿಟ್ಟು, ದಯವಿಟ್ಟು. ನಾನು ಐವತ್ತು ವರ್ಷದಲ್ಲಿ ಆ ಊರಿನ ಯಾರಿಗೂ ನಾಲ್ಕು ಸಲ ತಫದಾಲಿ ಹೇಳಿಲ್ಲ. ನನ್ನ ಹೆಸರಿನಲ್ಲಿ ಕೈ ಮುಗಿದಿದ್ದಾಳೆ. ಎರಡು ವರ್ಷದಿಂದ ವಾರಕ್ಕೆರಡು ಸಲ ಫೋನಿನಲ್ಲಿ ಊಟ ಆಯ್ತಾ, ಮಾತ್ರೆ ತಗೊಂಡ್ರಾ ಎಂದು ಕೇಳುತ್ತಾಳೆ. ಇದನ್ನು ಹೇಳಲಿಲ್ಲ.

ಕೇಸು ಬೇಡ. ನನ್ನ ಕಾಗದಗಳನ್ನು ನೇಹಾ ಕೈಯಲ್ಲಿ ವಾಪಸ್ ಕಳಿಸು.

ದ್ವಾರಕಾನಾಥ್

*

20 ಮೇ 2013

ರೀ,

ಫೋನ್ ಎತ್ತಿ ಹನ್ನೆರಡು ದಿನವಾಯಿತು. ಫೆಲಿಕ್ಸ್ ಮಾಸ್ತರಿಗೆ ಮಾಡಿದೆ. "ಬದುಕಿದ್ದಾನೆ ಕಮಲಾಕ್ಷಿಯಕ್ಕ, ನಮ್ಮ ಗೇಟಿಗೆ ಯಾರೂ ಕೇಳದೆ ಪೇಂಟ್ ಹೊಡೀತಾ ಇದ್ದಾನೆ" ಎಂದರು. ನಿಮಗೆ ಸಿಟ್ಟು ಬಂದರೆ ಗೇಟಿಗೆ ಬಣ್ಣ ಹೊಡೆಯುತ್ತೀರಿ. ಅದಕ್ಕೇ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ.

ಹೌದು, ನಿಮ್ಮ ಮೂರು ಪುಟವನ್ನು ನಾನು ಕೊಡಲಿಲ್ಲ. ನೀವು ಹೋದ ಮೇಲೆ ಅಂಗಡಿಯಲ್ಲಿ ಕೂತು ಯಾವಾಗಲೂ ಓದುವ ಹಾಗೆ ಹಿಂದಿನಿಂದ ಓದಿದೆ. ಎಷ್ಟು ತಪ್ಪಿತ್ತು ಎಂದರೆ ಸೆರಗು ಸಾಲುತ್ತಿರಲಿಲ್ಲ. ಆ ಮಂತ್ರಿ ಅದನ್ನು ಓದಿದ್ದರೆ ನಿಮ್ಮನ್ನು ಗಡಿಯಲ್ಲಿ ಬಿಟ್ಟ ಜೀಪು ನನ್ನನ್ನೂ ಕರೆದೊಯ್ಯಲು ಬರುತ್ತಿತ್ತು.

ಸಹಿ ನಾನು ಹಾಕಿದ್ದಲ್ಲ. ಆ ಸಂಜೆ ನೀವು ಬರೆಯಲು ಕೂರುವ ಮುಂಚೆ ನಾಲ್ಕು ಹಾಳೆಗೆ ಮೂಲೆ ಹಿಡಿದಿರಿ. ಮೂರು ತುಂಬಿತು. ನಾಲ್ಕನೆಯದು ಖಾಲಿ ಉಳಿದಿತ್ತು, ಮೂಲೆಯಲ್ಲಿ ನಿಮ್ಮ ಸಹಿ. ಅದರ ಮೇಲೆ ಬರೆದೆ. ನನ್ನ ಅಕ್ಷರ ಸಣ್ಣದು, ಅರ್ಧಕ್ಕೇ ಮುಗಿಯಿತು.

21ರಂದು ಬೆಳಿಗ್ಗೆ ಎಂಟಕ್ಕೆ ಹೋದೆ. ಮುದ್ರೆ ಒತ್ತಿದಾಗ ನಾಲ್ಕೂವರೆ. ಕೂರಲು ಜಾಗ ಇರಲಿಲ್ಲ. ನಾಲ್ಕು ತಫದಾಲಿ ಎಂದು ಲಾಯರ್ ಹುಡುಗಿಗೆ ಬರೆದಿರಂತೆ. ಬರೆದದ್ದು ನಾಲ್ಕು, ಅಲ್ಲಿ ನಿಂತು ಹೇಳಿದ್ದು ನಾಲ್ಕಕ್ಕಿಂತ ಜಾಸ್ತಿ. ಅದನ್ನು ಎಣಿಸಲು ನೀವು ಇರಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀವು ಈಗ ಮಾಡಿದ್ದನ್ನು ಆಗಲೇ ಮಾಡುತ್ತಿದ್ದಿರಿ. ಉತ್ತರ ಬಂದ ದಿನ ಹೇಳೋಣ ಅಂದುಕೊಂಡೆ. ಬರಲಿಲ್ಲ.

ಇದು ನನ್ನದಲ್ಲ ಎಂದು ಬರೆದಿದ್ದೀರಿ. ನಲವತ್ತೆರಡು ವರ್ಷ ನಿಮ್ಮ ಬೋರ್ಡುಗಳನ್ನು ತಿದ್ದಿದ್ದೇನೆ. ಆಸ್ಪತ್ರೆಯ ಬೋರ್ಡಿನಲ್ಲಿ ಮುಕ್ಕಾಲು ಅಕ್ಷರ ನನ್ನದೇ ಇತ್ತು. ಒಂದು ದಿನವಾದರೂ ಇದು ನನ್ನದಲ್ಲ ಎಂದು ಹೇಳಿ ಸಹಿ ಅಳಿಸಿದಿರಾ?

ಅಂದು ಕೌಂಟರಿನಲ್ಲಿ ನೀವು ಆಡಿದ ಮಾತು ಏನು ಎಂದು ಆ ಹುಡುಗಿ ನನ್ನನ್ನೂ ಕೇಳಿದಳು. ನನಗೆ ಕೇಳಿಸಲಿಲ್ಲ ಎಂದೆ. ನಿಮ್ಮ ಪಕ್ಕದಲ್ಲೇ ನಿಂತಿದ್ದೆ.

ನಿಮ್ಮ ಮೂರು ಪುಟ ನನ್ನ ಪೆಟ್ಟಿಗೆಯಲ್ಲೇ ಇದೆ. ಬೇಸರವಾದಾಗ ತೆಗೆದು ಓದುತ್ತೇನೆ. ನಗು ಬರುತ್ತದೆ, ನೀವು ಮನೆಯಲ್ಲಿ ಇದ್ದ ಹಾಗಾಗುತ್ತದೆ.

ಮಂಡಿ ಹಾಗೇ ಇದೆ.

ಕಮಲಾಕ್ಷಿ

*

ಸೌತ್ ಬಿ
3 ಜೂನ್ 2013

ಲಾಯರಮ್ಮ ಶ್ರೀರಂಜನಿಗೆ,

ಕಾಗದಗಳನ್ನು ವಾಪಸ್ ಕಳಿಸು ಎಂದಿದ್ದೆ. ನೀನು ಕಳಿಸಲಿಲ್ಲ. ಹೇಳಿದ ಮಾತು ಕೇಳದ ಹೆಂಗಸರೇ ನನ್ನ ಹಣೆಯಲ್ಲಿ ಬರೆದಿರುವುದು. ಒಳ್ಳೆಯದೇ ಆಯಿತು.

ಪ್ರಮಾಣಪತ್ರದಲ್ಲಿ ಹೀಗೆ ಬರೆ. ಆ ಅರ್ಜಿ ನನ್ನದು. ಅಕ್ಷರ ನನ್ನ ಹೆಂಡತಿಯದು. ಸಹಿ ನನ್ನದು, ಬರಹಕ್ಕಿಂತ ಮೊದಲು ಹಾಕಿದ್ದು. ನನ್ನ ಎಲ್ಲ ಬೋರ್ಡುಗಳೂ ಹಾಗೇ ಆಗಿವೆ, ಯಾರೂ ಇದುವರೆಗೆ ಅನುಮಾನಪಟ್ಟಿಲ್ಲ. ಅವರ ವಕೀಲ ಮೂಲೆಯ ಮೇಲೆ ಬೆರಳಿಟ್ಟರೆ, ಊರಲ್ಲಿ ಒಂದು ಸುತ್ತು ಹಾಕಿ ಬಾ ಎನ್ನು. ಪ್ರತಿ ಬೋರ್ಡಿನಲ್ಲೂ ಸಹಿ ಅದೇ ಮೂಲೆಯಲ್ಲಿದೆ, ಕೆಲವದರಲ್ಲಿ ಅದು ಆ ಹಾಳೆಯಲ್ಲಿ ಇರುವುದಕ್ಕಿಂತಲೂ ಅಕ್ಷರಗಳಿಂದ ದೂರದಲ್ಲಿದೆ. ಅವನ ಸರ್ಕಾರದ ಕಚೇರಿಯ ಬಾಗಿಲಿನ ಮೇಲೂ ಇದೆ. ಹೌದು ಕಣಮ್ಮ. ನನ್ನನ್ನು ಪರದೇಶಿ ಎಂದ ಆ ಕಚೇರಿಯ ಬೋರ್ಡನ್ನು 1986ರಲ್ಲಿ ಬರೆದವನು ನಾನೇ. ಬೈಗುಳ ಹುಡುಕುವ ಗಡಿಬಿಡಿಯಲ್ಲಿ ಇದನ್ನು ಹೇಳಲು ಮರೆತಿದ್ದೆ.

ಇನ್ನು ನಿನ್ನ ಪ್ರಶ್ನೆ. ಹೌದು, ಕೌಂಟರಿನಲ್ಲಿ ಒಂದು ಮಾತು ಆಡಿದೆ. ಅವನ ತಾಯಿಯ ಹೆಸರು ಎತ್ತಿ. ಅವನು ಅಲ್ಲಿಯವರೆಗೆ ಪೆನ್ನು ಹಿಡಿದು ಕೂತಿದ್ದ, ಏನೂ ಬರೆದಿರಲಿಲ್ಲ. ಆ ಮಾತು ಕೇಳಿದ ಮೇಲೆ ಬರೆದ. ಅದನ್ನು ಆಡದೆ ಇದ್ದಿದ್ದರೆ ಮೂವತ್ತು ದಿನ ಸಿಗುತ್ತಿತ್ತೋ ಏನೋ. ಮೂವತ್ತು ದಿನದಲ್ಲಿ ಏನಾದರೂ ಆಗುತ್ತಿತ್ತೋ ಏನೋ. ಫೆಲಿಕ್ಸನಿಗೂ ಹೇಳಿಲ್ಲ. ಇದರಿಂದ ಕೇಸಿಗೆ ತೊಂದರೆಯಾಗುವುದಾದರೆ ಆಗಲಿ, ಸುಳ್ಳು ಪ್ರಮಾಣ ಮಾಡುವುದಿಲ್ಲ.

ಕಮಲಾಕ್ಷಿಗೆ ಫೋನ್ ಮಾಡಿದೆ. ಊಟ ಆಯ್ತಾ ಎಂದು ನಾನೇ ಕೇಳಿದೆ. "ಏನು, ಹುಷಾರಿಲ್ವಾ?" ಎಂದಳು.

ಇಂತಿ,
ದ್ವಾರಕಾನಾಥ್

*

ಕಿಲಿಮಾನಿ
24 ಜೂನ್ 2013

ಯಜಮಾನರೇ,

ನೀವು ಬೈದದ್ದು ತಪ್ಪು. ಆದರೆ ಬೈದವನ ಪೌರತ್ವ ಹೋಗಬೇಕು ಎಂದು ಯಾವ ಕಾನೂನಿನಲ್ಲೂ ಇಲ್ಲ. ಅದನ್ನು ಮುಚ್ಚಿಡದೆ ನಾವೇ ಹೇಳೋಣ. ನಮ್ಮ ಮಾತಿಗೆ ತೂಕ ಬರುತ್ತದೆ. ಅರ್ಜಿ ಯಾರು ಬರೆದರು, ಸಹಿ ಯಾವಾಗ ಬಿತ್ತು ಎನ್ನುವುದೂ ಇದ್ದದ್ದು ಇದ್ದ ಹಾಗೇ ಹೋಗುತ್ತದೆ.

ಈಗ ಕೊನೆಯ ಒಂದು ಕೆಲಸ. ನನ್ನ ಹಿರಿಯ ಸಹೋದ್ಯೋಗಿ ಮಧುಕರ ಅವರ ಸಲಹೆ ಇದು. ಅರುಶಾಕ್ಕೆ ಹೋಗುವ ಮುಂಚೆ ಅದೇ ಮಂತ್ರಿ ಕಚೇರಿಗೆ ಒಂದು ಜ್ಞಾಪನ ಕೊಡೋಣ. ಇಂತಿಂಥ ದಿನ ಮೇಲ್ಮನವಿ ಕೊಟ್ಟೆ, ಉತ್ತರವಿಲ್ಲ, ಇಂಥ ತಾರೀಕಿನೊಳಗೆ ಕೊಡಿ ಎಂದು. ಅವರು ಉತ್ತರ ಕೊಟ್ಟು ಪಾಸ್‌ಪೋರ್ಟ್ ಕೊಟ್ಟರೆ ನೀವು ಮನೆಗೆ ಹೋಗುತ್ತೀರಿ. ಆಗುವುದಿಲ್ಲ ಎಂದರೆ ಒಳಗಿನ ದಾರಿ ಮುಗಿಯಿತು ಎಂದು ಅವರೇ ಬರೆದುಕೊಟ್ಟ ಹಾಗೆ. ಏನೂ ಹೇಳದಿದ್ದರೆ, ಆ ದಾರಿ ಹೆಸರಿಗೆ ಮಾತ್ರ ಇದೆ ಎಂದು ಕೋರ್ಟಿಗೆ ತೋರಿಸಲು ಎರಡನೆಯ ಮುದ್ರೆ ಸಿಗುತ್ತದೆ. ಇಷ್ಟು ದಿನ ಯಾಕೆ ತಡ ಮಾಡಿದಿರಿ ಎಂಬ ಪ್ರಶ್ನೆಗೂ ಅದೇ ಉತ್ತರ. ಮೂರರಲ್ಲಿ ಯಾವುದಾದರೂ ನಮಗೆ ಒಳ್ಳೆಯದೇ.

ನೀವೇ ಬರೆಯಿರಿ, ಕನ್ನಡದಲ್ಲೇ. ಸ್ವಾಹಿಲಿಗೆ ಇಲ್ಲಿ ಹಾಕಿಸುತ್ತೇನೆ. ಕೆಂಪು ಗೆರೆಗೆ ಕೆಲಸ ಕೊಡಬೇಡಿ.

ನಿಮ್ಮ,
ಶ್ರೀರಂಜನಿ

*

ಸೌತ್ ಬಿ
5 ಜುಲೈ 2013

ಕಮಲಾಕ್ಷಿಗೆ,

ಇದರ ಜೊತೆ ಎರಡು ಹಾಳೆ ಇವೆ. ಒಂದರಲ್ಲಿ ನಾನು ಆ ಕಚೇರಿಗೆ ಬರೆದದ್ದು ಕನ್ನಡದಲ್ಲಿದೆ. ಇನ್ನೊಂದು ಖಾಲಿ, ಮೂಲೆಯಲ್ಲಿ ನನ್ನ ಸಹಿ ಮಾತ್ರ ಇದೆ. ಈ ಸಲ ಗೊತ್ತಿದ್ದೇ ಹಾಕಿದ್ದೇನೆ. ಲಾಯರಮ್ಮ ಸ್ವಾಹಿಲಿಗೆ ತಾನು ಹಾಕಿಸುತ್ತೇನೆ ಎಂದಳು, ಖಾಲಿ ಹಾಳೆಗೆ ಸಹಿ ಹಾಕಬೇಡಿ ಎಂದೂ ಅಂದಳು. ನಾನು ಕೇಳಲಿಲ್ಲ. ನೀನು ಬರೆ, ಅವಳಿಗೆ ತೋರಿಸಿ ಆಮೇಲೆ ಕೊಡು. ಹಿಂದಿನಿಂದ ಓದು. ತಪ್ಪಿದ್ದರೆ ತಿದ್ದು, ನನ್ನನ್ನು ಕೇಳಬೇಕಾಗಿಲ್ಲ.

ಒಂದು ತಫದಾಲಿ ಹಾಕು. ಒಂದೇ. ಎಲ್ಲಿ ಹಾಕಬೇಕು ಎನ್ನುವುದು ನಿನಗೆ ಬಿಟ್ಟದ್ದು.

ದ್ವಾರಕಾನಾಥ್

*

ಮಂತ್ರಿಗಳ ಕಚೇರಿಗೆ
5 ಜುಲೈ 2013

ಮಾನ್ಯರೇ,

ನನ್ನ ಹೆಸರು ದ್ವಾರಕಾನಾಥ್. ವಯಸ್ಸು ಎಪ್ಪತ್ತೊಂದು. ಕಸುಬು ಬೋರ್ಡ್ ಬರೆಯುವುದು. 1972ರಿಂದ ನಾನು ಈ ದೇಶದ ಪೌರ.

2011 ಫೆಬ್ರವರಿ 14ರಂದು ಪಾಸ್‌ಪೋರ್ಟ್ ಕೌಂಟರಿನಲ್ಲಿ, ನನ್ನ ಹೆಸರಿದ್ದ ರಿಜಿಸ್ಟರನ್ನು ಗೆದ್ದಲು ತಿಂದಿದೆ ಎಂದು ಹೇಳಿ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡರು. ಅಂದು ನಾನು ಅಲ್ಲಿಯ ಅಧಿಕಾರಿಗೆ ಆಡಬಾರದ ಮಾತು ಆಡಿದೆ. ಅದು ನನ್ನ ತಪ್ಪು. ರಿಜಿಸ್ಟರ್ ಹಾಳಾದದ್ದು ನನ್ನ ತಪ್ಪಲ್ಲ. 17ರಂದು ನನ್ನನ್ನು ಗಡಿಯಲ್ಲಿ ಇಳಿಸಿದರು. 21ರಂದು ನನ್ನ ಮೇಲ್ಮನವಿ ನಿಮ್ಮ ಕಚೇರಿಗೆ ತಲುಪಿತು. ನಿಮ್ಮ ಮುದ್ರೆ ಅದರ ಮೇಲಿದೆ. ಎರಡು ವರ್ಷ ನಾಲ್ಕು ತಿಂಗಳಾಯಿತು. ಉತ್ತರ ಬಂದಿಲ್ಲ.

ಪಾಸ್‌ಪೋರ್ಟ್ ಕಚೇರಿಯ ಬಾಗಿಲ ಮೇಲಿನ ಬೋರ್ಡನ್ನು 1986ರಲ್ಲಿ ನಾನು ಬರೆದೆ. ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರ, ಆರು ಇಂಚು. ಬಲಗಡೆ ಕೆಳಮೂಲೆಯಲ್ಲಿ ನನ್ನ ಸಹಿಯೂ ವರ್ಷವೂ ಇವೆ. ಅದು ತಗಡಿನ ಬೋರ್ಡು, ಗೆದ್ದಲು ಹಿಡಿದಿಲ್ಲ. ನಾನು ಯಾರು ಎಂದು ರಿಜಿಸ್ಟರಿನಲ್ಲಿ ಸಿಗದಿದ್ದರೆ ಹೊರಗೆ ಬಂದು ತಲೆಯೆತ್ತಿ ನೋಡಬಹುದು.

ಈ ಕಾಗದವನ್ನು ನನ್ನ ಹೆಂಡತಿ ತಂದುಕೊಡುತ್ತಾಳೆ. ಅವಳಿಗೆ ಮಂಡಿ ನೋವು. ಹೋದ ಸಲ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆಯವರೆಗೆ ನಿಂತಿದ್ದಳು. ಮುದ್ರೆ ಒತ್ತುವವರೆಗೆ ಅವಳಿಗೆ ಒಂದು ಕುರ್ಚಿ ಕೊಡಿ.

ನಾನು ಪೌರನಲ್ಲ ಎನ್ನುವುದಾದರೆ ಕಾರಣ ಸಹಿತ ಹಾಗೆ ಬರೆದುಕೊಡಿ. ಪೌರ ಎನ್ನುವುದಾದರೆ ನನ್ನ ಪಾಸ್‌ಪೋರ್ಟ್ ಕೊಡಿ. ಎರಡನ್ನೂ ಕೊಡದಿದ್ದರೆ, ನನ್ನ ದೇಶದೊಳಗೆ ನಾನು ತಟ್ಟಲು ಬೇರೆ ಬಾಗಿಲು ಉಳಿದಿಲ್ಲ ಎಂದು ತಿಳಿದು ಅರುಶಾದ ನ್ಯಾಯಾಲಯದ ಬಾಗಿಲು ತಟ್ಟುತ್ತೇನೆ. ಅದಕ್ಕೆ ಬೇಕಾದ ಕಾಗದಗಳೆಲ್ಲ ಸಿದ್ಧವಾಗಿವೆ.

ಸಹಿ ಕೆಳಮೂಲೆಯಲ್ಲಿದೆ.

30 ಆಗಸ್ಟ್ 2013, ಶುಕ್ರವಾರದೊಳಗೆ ಉತ್ತರ ಕೊಡಿ.